ಗಿರಣಿ ಮೂಲೆಯಿಂದ ಹನ್ನೆರಡು ಹೆಜ್ಜೆ

"ಈ ನೀರ್ನ ಅವರ ಮೈಗ್ ಉಯ್ದೀರಾ, ನೋಡಿ ಮತ್ತೆ!" ಎನ್ನುತ್ತಾ ಮಾಯಮ್ಮ ತುಂಬಿದ ಬಿಂದಿಗೆಯನ್ನು ಅಂಗಳಕ್ಕೆ ಉರುಳಿಸಿಬಿಟ್ಟರು. ನಲ್ಲಿ ನೀರು ಚರಂಡಿ ನಾತ ಹೊಡೆಯುತ್ತಿತ್ತು. ಹೆಣಕ್ಕೆ ನೀರು ಹಾಕಲು ಬಂದವರು ಮೂಗು ಮುಚ್ಚಿಕೊಂಡರು.

ಸತ್ತು ಮಲಗಿದ್ದವರು ಅವರ ಗಂಡ, ನೀರುಗಂಟಿ ಚೌಡಯ್ಯ. ಕೆ.ಆರ್. ಪೇಟೆಯ ಈ ಬೀದಿಗಳಿಗೆ ಮೂವತ್ತು ವರ್ಷ ನೀರು ಬಿಟ್ಟವರು. ಜೊತೆಯಲ್ಲೇ ಮಣ್ಣಿಗೆ ಹೋಗಲಿ ಎಂದು ವಾಲ್ವು ತಿರುಗಿಸುವ ಕಬ್ಬಿಣದ ಕೀಲಿಯನ್ನೂ ಚಟ್ಟದ ಮೇಲಿಟ್ಟಿದ್ದರು.

"ಕ್ಯಾನ್ ನೀರು ತರುಸ್ತೀನಿ ಬುಡಿ ಅತ್ಗೆ. ಒತ್ತು ಮುಳುಗೋದ್ರೊಳ್ಗೆ ಮಣ್ಣು ಮಾಡ್ಬೇಕು" ಎಂದ ಚೌಡಯ್ಯನವರ ತಮ್ಮ ನಿಂಗರಾಜು.

"ಊರ್ಗೆಲ್ಲಾ ನೀರ್ ಬುಟ್ಟೋರ್ಗೆ ಕ್ಯಾನ್ ನೀರಾ? ನಾನ್ ಬದ್ಕಿರೋಗಂಟ ಆಗಾಕಿಲ್ಲ!"

ಮಗಳು ರಂಜಿತ ಚಟ್ಟದ ಮೇಲಿದ್ದ ಕೀಲಿಯನ್ನು ಸರಕ್ಕನೆ ಎತ್ತಿಕೊಂಡಳು.

*

ಹೋದ ವಾರ ಇದೇ ಜಗಲಿಯಲ್ಲಿ ಕುಳಿತು ಚೌಡಯ್ಯ ಕೂಗಾಡಿದ್ದರು. "ಹೊಸ ಲೇಔಟ್ನೋರು ಚರಂಡಿ ಅಗೆಯೋವಾಗ ನಮ್ ಹಳೇ ಪೈಪ್ ಒಡ್ದವ್ರೆ ಕಣವ್ವ. ಅಲ್ಲಿಂದ್ಲೇ ಹೊಲಸು ಸೇರ್ತಾ ಅದೆ. ಆ ಹಳೇ ಲೈನಿನ ವಾಲ್ವು ಮುಚ್ಚುದ್ರೆ ಆಯ್ತು, ಹೊಸ ಲೈನಿಂದ ಒಳ್ಳೇ ನೀರು ಬತ್ತದೆ. ಅದ್ರ ಮ್ಯಾಲೇ ಕಲ್ಲು ಹಾಸ್ಬುಟ್ಟವ್ರೆ, ಬಡ್ಡೈಕ್ಳು!"

"ಎಲ್ಲದಪ್ಪ ಆ ವಾಲ್ವು? ನಕ್ಷೆ ಇಲ್ವಾ?" ಎಂದು ರಂಜಿತ ಕೇಳಿದ್ದಳು.

"ನಾನೇ ನಕ್ಷೆ! ಗಿರಣಿ ಮೂಲೆಯಿಂದ ಹನ್ನೆರಡು ಎಜ್ಜೆ. ಸೋಮಾರ ಅಗೀತೀನಿ."

ಸೋಮವಾರ ಬೆಳಗ್ಗೆ ಅವರು ಏಳಲೇ ಇಲ್ಲ.

*

ಗಿರಣಿ ಮೂಲೆಯಿಂದ ರಂಜಿತ ಹನ್ನೆರಡು ಹೆಜ್ಜೆ ಎಣಿಸಿದಳು. ನಿಂಗರಾಜು ಹಾರೆ ಹಾಕಿ ಕಲ್ಲು ಕಿತ್ತ, ಅಗೆದ. ಬರೀ ಮಣ್ಣು! ಹೊತ್ತು ಬೇರೆ ಇಳಿಯುತ್ತಿತ್ತು. ಅವಳಿಗೆ ಅಳುವೇ ಬಂತು. ಅಷ್ಟರಲ್ಲಿ ಚಿಕ್ಕಪ್ಪನ ಉದ್ದನೆಯ ಕಾಲುಗಳತ್ತ ಕಣ್ಣು ಹೋಯಿತು.

"ಅಯ್ಯೋ ಚಿಕ್ಕಪ್ಪ, ಎಣಿಸ್ಬೇಕಾದ್ದು ಅಪ್ಪನ ಎಜ್ಜೆ! ನೀನೂ ಅವರಷ್ಟೇ ಉದ್ದ ಇದ್ದೀಯ, ನಡಿ ನೀನು!"

ನಿಂಗರಾಜು ಅಣ್ಣನ ಹಾಗೇ ಬೀಸು ನಡಿಗೆಯಲ್ಲಿ ಹೊರಟ. ಸಾವಿಗೆ ಬಂದಿದ್ದ ಅರ್ಧ ಜನ ಹಿಂದೆ ನಿಂತು, ಹೆಣ ಕಾಯುತ್ತಿದೆ ಎನ್ನುವುದನ್ನೂ ಮರೆತು ಕೂಗಿ ಎಣಿಸಿದರು. ಹತ್ತು, ಹನ್ನೊಂದು, ಹನ್ನೆರಡು! ಒಂದು ಮೊಳ ಅಗೆಯುವಷ್ಟರಲ್ಲಿ ಹಾರೆ ಠಣ್ ಎಂದಿತು.

"ಸಿಕ್ತು ಕಣ್ರಲಾ!"

ತುಕ್ಕು ಹಿಡಿದ ವಾಲ್ವು ಮುಚ್ಚಲು ಮೂವರು ಆ ಕೀಲಿಗೆ ಜೋತುಬೀಳಬೇಕಾಯಿತು. ನಲ್ಲಿಗಳಲ್ಲಿ ಮೊದಲು ಕಪ್ಪು ನೀರು ಬಂತು, ಆಮೇಲೆ ಕಂದು, ಕೊನೆಗೆ ತಿಳಿ. ಮಾಯಮ್ಮ ಬೊಗಸೆಯಲ್ಲಿ ಹಿಡಿದು ಮೂಸಿದರು, ಮತ್ತೆ ಮೂಸಿದರು.

"ನಾತ ಇಲ್ಲ ಕಣವ್ವಾ! ತನ್ನಿ, ಬಿಂದಿಗೆ ತನ್ನಿ!" ಅಳುತ್ತಲೇ ನಗುತ್ತಿದ್ದರು.

ಚೌಡಯ್ಯನವರಿಗೆ ಒಂಬತ್ತು ಬಿಂದಿಗೆ ನೀರಾಯಿತು. ಇನ್ನೂ ಬಿಸಿಲಿರುವಾಗಲೇ ಚಟ್ಟ ಎತ್ತುವ ಹೊತ್ತು ಬಂತು.

"ಆ ಕೀಲಿ ಕೊಡವ್ವ, ಜೊತೇಲಿ ಇಡಾನ" ಎಂದು ನಿಂಗರಾಜು ಕೈ ಚಾಚಿದ.

ರಂಜಿತ ಕೊಡಲಿಲ್ಲ. ಒಳಗೆ ಹೋಗಿ ಬಾಗಿಲ ಹಿಂದಿನ ಹಳೇ ಮೊಳೆಗೆ ಅದನ್ನು ನೇತುಹಾಕಿದಳು. ಕೀಲಿಯ ತುದಿಯಿಂದ ಕೆಸರು ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.