ಕಾಲಿಲ್ಲದಾಕಿ

ಲಕ್ಷ್ಮಮ್ಮ ಆಂಟಿ ಕುರ್ಚಿ ಹತ್ತಿ ನಿಂತು, ಹ್ಯಾರಿಸ್ ಪಾರ್ಕಿನ ಇಂಡಿಯನ್ ಅಂಗಡಿಯಿಂದ ತಂದ ಸೇವಂತಿಗೆ ಹಾರವನ್ನು ಗೋಡೆಯ ಮೇಲಿದ್ದ ದೆವ್ವಕ್ಕೆ ಹಾಕಿಯೇಬಿಟ್ಟರು.

"ಏನು ಕಳೆ ಮುಖದಲ್ಲಿ! ಮಗನ್ನ ಡಾಕ್ಟ್ರು ಮಾಡಿದ ಮಹಾತಾಯಿ," ಎಂದು ಕಣ್ಣೊರೆಸಿಕೊಂಡರು. ಅವರ ಕನ್ನಡಕ ಕಾರಿನಲ್ಲೇ ಉಳಿದಿತ್ತು.

ಚಾಪೆಯ ಮೇಲೆ ಕುಳಿತಿದ್ದ ಕಾಳಮ್ಮ ತಲೆಯೆತ್ತಿ ನೋಡಿದಳು. ಗಂಡ ಬಸವಣ್ಣೆಪ್ಪನ ಮಣ್ಣಿಗೆ ಹೊರಡಲು ಜನ ಸೇರಿದ ಮನೆ. ಶರೀರ ಆಸ್ಪತ್ರೆಯಿಂದ ನೇರವಾಗಿ ಸ್ಮಶಾನಕ್ಕೇ ಬರುವುದಿತ್ತು. ಇಂಥ ಹೊತ್ತಿನಲ್ಲಿ, ಅದು ನಮ್ಮ ಅತ್ತೆಯಲ್ಲ, ಜಪಾನಿನವರು ಮರದ ಅಚ್ಚಿನಲ್ಲಿ ಒತ್ತಿ ತೆಗೆದ ದೆವ್ವದ ಚಿತ್ರ ಎಂದು ಹೇಗೆ ಹೇಳುವುದು? ಬಿಳಿ ಉಡುಪು, ಬಿಚ್ಚಿದ ಕೂದಲು, ಜೋತುಬಿದ್ದ ಕೈ, ಸೊಂಟದ ಕೆಳಗೆ ಬರೀ ಹೊಗೆ. ನಿಜ ಹೇಳಬೇಕೆಂದರೆ ಅತ್ತೆಯೂ ಬೆಳಿಗ್ಗೆ ತಲೆ ಬಾಚಿಕೊಳ್ಳುವ ಮೊದಲು ಹೆಚ್ಚುಕಡಿಮೆ ಹೀಗೆಯೇ ಕಾಣುತ್ತಿದ್ದಳು. ಕಾಳಮ್ಮ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಭುಜಗಳು ಕುಲುಕಿದವು. ಪಾಪ, ದುಃಖ ತಡೆಯಲಾಗುತ್ತಿಲ್ಲ ಎಂದುಕೊಂಡರು ನೋಡಿದವರು.

"ಆಂಟಿ, ಅದು ಅಜ್ಜಿ ಅಲ್ಲ. ಘೋಸ್ಟ್!" ಎಂದಳು ಮಗಳು ಪ್ರಾರ್ಥನಾ.

ಲಕ್ಷ್ಮಮ್ಮ ಆಂಟಿ ಕುರ್ಚಿಯಿಂದ ಇಳಿದ ವೇಗಕ್ಕೆ ಅವರ ಮಂಡಿನೋವು ಎಲ್ಲಿ ಅಡಗಿತೋ ದೇವರೇ ಬಲ್ಲ.

ಆ ಮನೆಯಲ್ಲಿ ಜಪಾನಿ ಚಿತ್ರ ಈ ದೆವ್ವದ್ದೊಂದೇ ಇರಲಿಲ್ಲ. ಹಜಾರದ ಇನ್ನೊಂದು ಗೋಡೆಯ ಮೇಲೆ ರಾಕ್ಷಸನ ಜುಟ್ಟು ಹಿಡಿದೆಳೆಯುವ ವೀರ, ಊಟದ ಕೋಣೆಯಲ್ಲಿ ಆಳೆತ್ತರದ ಜೇಡದೊಡನೆ ಗುದ್ದಾಡುವ ವೀರ. ಟಾಯ್ಲೆಟ್ಟಿನಲ್ಲಿದ್ದ ಮೆಳ್ಳೆಗಣ್ಣಿನ ವೀರ ದುರುಗುಟ್ಟಿ ನೋಡುವ ಪರಿಗೆ, ಬಂದ ನೆಂಟರು ಕೂತ ಕೆಲಸ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಗಂಡಸರನ್ನು ಕಾಳಮ್ಮ ಹೇಗೋ ಸಹಿಸಿಕೊಂಡಿದ್ದಳು. ಜಗಳವೆಲ್ಲ ಈ ಹೆಂಗಸಿನ ಮೇಲೆ.

*

ಅವಳನ್ನು ಕೊಂಡದ್ದು ಮೆಲ್ಬರ್ನ್‌ನಲ್ಲಿ. ಪ್ರಾರ್ಥನಾ ಡಾಕ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತು. ಟ್ರಾಮ್ ಹತ್ತಿ ಊರು ನೋಡಲು ಹೊರಟ ಗಂಡ ಹೆಂಡತಿ, ಮಳೆ ಬಂತೆಂದು ಹಳೆಯ ಚಿತ್ರಗಳ ಅಂಗಡಿಯೊಂದಕ್ಕೆ ನುಗ್ಗಿದ್ದರು.

"ದೆವ್ವ ಅಂತೀರಿ, ಕಾಲೆಲ್ಲಿ ಅದಾವ್ರಿ ಇಕಿಗೆ?" ಎಂದು ಕೇಳಿದ್ದಳು ಕಾಳಮ್ಮ.

"ಜಪಾನ್ ದೆವ್ವಕ್ಕ ಕಾಲಿರೂದಿಲ್ಲ."

"ನಮ್ಮ ಕಡಿ ದೆವ್ವಕ್ಕ ಹಿಂದ ಮುಂದ ಆದ್ರೂ ಎರಡು ಕಾಲಿರ್ತಾವ. ಕಾಲಿಲ್ಲದಾಕಿ ಬೆನ್ನು ಹತ್ತೂದು ಹೆಂಗ?"

"ಬೆನ್ನು ಹತ್ತೂದಿಲ್ಲ. ಬಂದಲ್ಲೇ ಇದ್ದುಬಿಡ್ತಾಳ."

"ಅಂದ್ರ ನಿಮ್ಮ ತಂಗಿ ಇದ್ದಂಗ."

ಬಸವಣ್ಣೆಪ್ಪ ನಕ್ಕ ನಗೆಗೆ ಅಂಗಡಿಯವಳು ಒಳಗಿನಿಂದ ಎದ್ದು ಬಂದಿದ್ದಳು. ವೆಸ್ಟ್‌ಮೀಡ್‌ನ ಆಸ್ಪತ್ರೆಯಲ್ಲಿ ಜೀವಮಾನವಿಡೀ ಎಕ್ಸ್‌ರೇ ನೋಡಿದ ಡಾಕ್ಟರು ಆತ. "ಎಲುಬು ನೋಡಿ ನೋಡಿ ಸಾಕಾಗೇತಿ ಕಾಳಿ. ಎಲುಬಿಲ್ಲದಾಕಿ ಒಬ್ಬಾಕಿ ಇರ್ಲಿ ಮನ್ಯಾಗ."

"ನಾಲಿಗಿಗೂ ಎಲುಬಿಲ್ಲ. ನನ್ನದೊಂದು ಸಾಲದೇನು?"

ಸಾಲಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಚಹಾದ ಜೊತೆ ಅದೇ ಜಗಳ. "ಇವತ್ತ ಇಕಿನ್ನ ಇಳಸ್ತೀನಿ," ಎನ್ನುವಳು ಇವಳು. "ಇರ್ಲಿ ಬಿಡ ಕಾಳಿ," ಎನ್ನುವನು ಅವನು. ಅಷ್ಟಾಗದೆ ಇಬ್ಬರಿಗೂ ಚಹಾ ರುಚಿಸುತ್ತಿರಲಿಲ್ಲ.

*

"ಸಾವಿನ ಮನೇಲಿ ಇಂಥದ್ದೆಲ್ಲ ಇರಬಾರದಮ್ಮ, ತೆಗೆಸಿಬಿಡಿ," ಎಂದರು ಲಕ್ಷ್ಮಮ್ಮ ಆಂಟಿ, ದೂರದ ಸೋಫಾದಿಂದ.

"ನೆಗೆಟಿವ್ ಎನರ್ಜಿ," ಎಂದರು ಅವರ ಗಂಡ ನಾಗರಾಜ. "ಬಸವಣ್ಣೆಪ್ಪನೋರಿಗೆ ನಾನೂ ಎಷ್ಟೋ ಸಲ ಹೇಳಿದ್ದೆ."

"ಡೋಂಟ್ ವರಿ ಅಂಕಲ್," ಎಂದಳು ಪ್ರಾರ್ಥನಾ. "ನಾವು ಸ್ಮಶಾನದಲ್ಲಿರೋವಾಗ ಆಕ್ಷನ್‌ನೋರು ಬಂದು ಚಿತ್ರಗಳನ್ನೆಲ್ಲಾ ಹರಾಜಿಗೆ ತಗೊಂಡು ಹೋಗ್ತಾರೆ, ಬುಕ್ ಮಾಡಿದ್ದೀನಿ. ಅಮ್ಮ ನನ್ನ ಜೊತೆ ಮೆಲ್ಬರ್ನ್‌ಗೆ. ಅಮ್ಮ, ನೀನೇ ಯಾವಾಗ್ಲೂ ಹೇಳ್ತಿದ್ದೆ ಅಲ್ವಾ, ತೆಗೀಬೇಕು ಅಂತ?"

ಹೇಳುತ್ತಿದ್ದದ್ದು ಸುಳ್ಳಲ್ಲ. ಇಂದು ಇಡೀ ಮನೆ ತನ್ನ ಪಕ್ಷಕ್ಕೆ ಬಂದು ಕೂತಿದೆ. ಕಾಳಮ್ಮ ಗೆದ್ದಿದ್ದಳು. 'ಇರ್ಲಿ ಬಿಡ ಕಾಳಿ' ಎನ್ನುವ ಧ್ವನಿ ಯಾವ ಮೂಲೆಯಿಂದಲಾದರೂ ಬಂದೀತೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಆಸ್ಪತ್ರೆಯಲ್ಲಿ ಅಳದವಳಿಗೆ ಈಗ ಅಳು ಒತ್ತರಿಸಿಕೊಂಡು ಬಂತು. ಈ ಸಲ ಮುಖ ಮುಚ್ಚಿಕೊಳ್ಳಲಿಲ್ಲ.

"ಗಂಡಸರನ್ನ ಒಯ್ಯಲಿ," ಎಂದಳು ಕೊನೆಗೆ, ಮೂಗೊರೆಸಿಕೊಂಡು. "ಮೀಸಿ ಇದ್ದವರು ಎಲ್ಲಿ ಹೋದ್ರೂ ಬದುಕ್ತಾರ. ಇಕಿ ನನ್ನ ಕೂಡ ಬರ್ತಾಳ."

"ಅಮ್ಮಾ! ಸಾನ್ವಿ ಹೆದರ್ಕೋತಾಳೆ. ಆಮೇಲೆ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಗೋಡೆನೇ ಇಲ್ಲ, ಎಲ್ಲಾ ಗ್ಲಾಸು."

"ಮೊಮ್ಮಗಳಿಗೆ ನಾ ಹೇಳ್ತೀನಿ. ಗೋಡಿ ಇಲ್ಲಂದ್ರ ನನ್ನ ಹಾಸಿಗಿ ಮ್ಯಾಲೆ ಇರ್ತಾಳ."

"ಬಟ್ ವೈ, ಅಮ್ಮ? ನಿಂಗೆ ಅವಳನ್ನ ಕಂಡ್ರೇ ಆಗ್ತಿರ್ಲಿಲ್ಲ."

"ಕಾಲಿದ್ದವರೆಲ್ಲ ಹೋಗ್ತಾರವ್ವ. ನೀ ಮೆಲ್ಬರ್ನ್‌ಗೆ ಹೋದಿ. ನಿಮ್ಮಪ್ಪ ಒಂದು ಮಾತು ಹೇಳದ ಹೋದ್ರು. ಇಕಿ ಒಬ್ಬಾಕಿ ಇದ್ದಲ್ಲೇ ಇದ್ದಳು."

ಪ್ರಾರ್ಥನಾ ತಾನೇ ಕುರ್ಚಿ ಹತ್ತಿ, ಹಾರ ತೆಗೆದಿಟ್ಟು, ಚಿತ್ರವನ್ನು ಇಳಿಸಿದಳು.

"ಆಕ್ಷನ್‌ನೋರು ಬಂದಾಗ ಇಲ್ಲಿದ್ರೆ ಇವಳನ್ನೂ ಒಯ್ದುಬಿಡ್ತಾರೆ," ಎಂದಳು ಅಂಗಳಕ್ಕೆ ಬಂದು. "ಕಾರಿನ ಡಿಕ್ಕೀಲಿ ಇಟ್ಟಿರ್ಲಾ?"

"ಬ್ಯಾಡ. ಅಲ್ಲೆ ಕತ್ತಲಿರ್ತದ. ಅಂಜತಾಳ."

ಹಿಂದಿನ ಸೀಟಿನಲ್ಲಿ ಆಗಲೇ ಕುಳಿತಿದ್ದ ಲಕ್ಷ್ಮಮ್ಮ ಆಂಟಿ, ಪಕ್ಕಕ್ಕೆ ಯಾರು ಬರುತ್ತಿದ್ದಾರೆಂದು ನೋಡಿ, ಆ ಕಡೆಯ ಬಾಗಿಲಿನಿಂದ ಇಳಿದು ನಾಗರಾಜರ ಕಾರಿಗೆ ಹೋದರು. ಕಾಳಮ್ಮ ಚಿತ್ರವನ್ನು ನೆಟ್ಟಗೆ ಕೂರಿಸಿ, ಸೀಟ್‌ಬೆಲ್ಟ್ ಎಳೆದು ಕಟ್ಟಿ, ತಾನೂ ಪಕ್ಕದಲ್ಲಿ ಕುಳಿತಳು.

ಕಾರು ತಿರುವಿನಲ್ಲಿ ಪಶ್ಚಿಮಕ್ಕೆ ಹೊರಳಿದಾಗ ಬಿಸಿಲು ಕಿಟಕಿಯಿಂದ ನೇರ ಆ ಬಿಳಿಚಿದ ಮುಖದ ಮೇಲೆ ಬಿತ್ತು. ಕಾಳಮ್ಮ ಸೆರಗಿನ ಚುಂಗು ಹಿಡಿದು ಅಡ್ಡ ಮಾಡಿದಳು. ಸ್ಮಶಾನ ಬರುವವರೆಗೂ ಕೈ ಇಳಿಸಲಿಲ್ಲ.