ಆರುನೂರು ಮೀಟರಿನ ಕಲ್ಲು

ಯಶವಂತನಗರಕ್ಕೆ ಹೋದದ್ದು ಬರೀ ಒಂದು ಫೋಟೋಗಾಗಿ. ಹೊಸಪೇಟೆಯ ಕಾಲೇಜಿನಲ್ಲಿ ಬೆಳಗಿನ ಎರಡು ತರಗತಿ ಮುಗಿಸಿ, ಅದಿರು ಲಾರಿಗಳ ಹಿಂದೆ ಧೂಳು ಕುಡಿಯುತ್ತ ಬಸ್ಸಿನಲ್ಲಿ ಕೂತಿದ್ದೆ. ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ. ಸೋಮವಾರ ನನ್ನ ಪ್ರಬಂಧ ವಿಜ್ಞಾನ ಪತ್ರಿಕೆಗೆ ಹೋಗಬೇಕು. ಅದಕ್ಕಾಗಿ ಪರೀಕ್ಷೆ ಮಾಡಿದ ಕಲ್ಲು ಎಲ್ಲಿಂದ ಬಂತೆಂದು ತೋರಿಸಲು ಅದರ ಪೆಟ್ಟಿಗೆಯ ಚಿತ್ರ ಬೇಕೆಂದು ಜಪಾನಿನ ಜೊತೆಗಾರರು ಕೇಳಿದ್ದರು.

ನಾನು ಶಾಂಭವಿ, ಕಾಗದದ ಮೇಲೆ ಲೆಕ್ಕ ಮಾಡುವ ಭೌತವಿಜ್ಞಾನಿ. ಬ್ರಹ್ಮಾಂಡದ ವಸ್ತುವಿನಲ್ಲಿ ಬಹುಪಾಲು ಕಣ್ಣಿಗೆ ಕಾಣದ್ದು. ಅದು ಎಂಥ ಕಣವೆಂದು ಯಾರಿಗೂ ಗೊತ್ತಿಲ್ಲ. ಭಾರಿ ಕಣವಾಗಿದ್ದರೆ ಹಳೆಯ ಕಲ್ಲಿನೊಳಗಿನ ಅಭ್ರಕದಲ್ಲಿ ಕೋಟ್ಯಂತರ ವರ್ಷಗಳಿಂದ ಸಣ್ಣ ಗೀರುಗಳನ್ನು ಬಿಟ್ಟಿರಬೇಕು ಎಂಬುದು ನನ್ನ ಲೆಕ್ಕ. ಆರು ವರ್ಷ ಅದನ್ನೇ ಬರೆದೆ, ಹರಿದೆ, ಮತ್ತೆ ಬರೆದೆ. ಗುಡ್ಡ ಅಗೆದು ಇಲಿ ಹಿಡಿಯುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ, ಪೆನ್ನಿನಿಂದ ಅಗೆಯುವವಳು ನೀನೊಬ್ಬಳೇ ಎಂದು ಅವ್ವ ಕಾಡಿಸುತ್ತಿದ್ದಳು.

ಆಕಾಶದಿಂದ ಬೀಳುವ ಮಾಮೂಲಿ ಕಿರಣಗಳೂ ಕಲ್ಲಿನಲ್ಲಿ ಗೀರು ಬಿಡುತ್ತವೆ. ಆದರೆ ಅವು ನೆಲದ ಮೇಲ್ಪದರದಲ್ಲೇ ಸುಸ್ತಾಗುತ್ತವೆ, ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಗಣಿ ಕಂಪನಿಯೊಂದು ಕೊರೆದಿಟ್ಟ ಕಲ್ಲುಗಳಲ್ಲಿ ಎರಡು ತುಂಡನ್ನು ಪತ್ರದಲ್ಲೇ ಬೇಡಿ, ಜಪಾನಿನ ಪ್ರಯೋಗಾಲಯಕ್ಕೆ ಕಳಿಸಿದೆ. ಒಂದು ಮೂವತ್ತು ಮೀಟರ್ ಆಳದ್ದು, ಇನ್ನೊಂದು ಆರುನೂರು ಮೀಟರಿನದು. ಅಲ್ಲಿ ನೋಡಿದರೆ ಎರಡರಲ್ಲೂ ಗೀರು ಒಂದೇ ಸಮ. ಅಷ್ಟು ಆಳಕ್ಕೆ ಇಳಿದದ್ದು ನನ್ನ ಕಣವೇ ಇರಬೇಕು. ಆ ಸುದ್ದಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಕೂತು ಅತ್ತಿದ್ದೆ. ಸಂತೋಷಕ್ಕಿಂತ ದಣಿವಿಗೇ ಅತ್ತಿರಬೇಕು.

ಕಬ್ಬಿನ ಜಲ್ಲೆಯಂಥ ಆ ಕಲ್ಲುಗಳನ್ನು ಕಂಪನಿಯ ಯಶವಂತನಗರದ ಶೆಡ್ಡಿನಲ್ಲಿ ಆಳದ ಕ್ರಮದಂತೆ ತಗಡಿನ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟಿದ್ದಾರೆ. ನೋಡಿಕೊಳ್ಳುವವರು ಓಬಳಪ್ಪ, ಮೂವತ್ತು ವರ್ಷದಿಂದ ಅದೇ ಕೆಲಸ. ನನ್ನನ್ನು ಕೂರಿಸಿ, ಚಹಾ ಕೊಟ್ಟು, ಪೆಟ್ಟಿಗೆ ಇಳಿಸಿದರು. ಜಪಾನಿಗೆ ಹೋದ ಆರುನೂರು ಮೀಟರಿನ ತುಂಡಿನ ಉಳಿದರ್ಧ ಅದರಲ್ಲೇ ಇತ್ತು. ಮುಚ್ಚಳದ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಫೋಟೋ ಚಂದ ಬಂತು. ಇದು ಯಾವ ಪೂಜೆ ಎಂದು ಸುಮ್ಮನೆ ಕೇಳಿದೆ.

ಆಯುಧಪೂಜೆಯದಂತೆ. ಲಾರಿ, ಡ್ರಿಲ್ಲುಗಳ ಜೊತೆ ಈ ಪೆಟ್ಟಿಗೆಗಳನ್ನೂ ಅಂಗಳಕ್ಕೆ ಹೊತ್ತು ತಂದು, ಕಲ್ಲುಗಳನ್ನೆಲ್ಲ ಪೈಪಿನ ನೀರಿನಲ್ಲಿ ತೊಳೆಯುತ್ತಾರಂತೆ. ಕಲ್ಲಿಗೂ ವರ್ಷಕ್ಕೊಂದು ಸ್ನಾನ ಬೇಡವೇ ಎಂದರು. ನನಗೆ ನಗು ಬರಲಿಲ್ಲ. ಆಳದ ಅಂಕಿಗಳನ್ನು ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ತೊಳೆದರೆ ಅವು ಅಳಿಸಿಹೋಗುವುದಿಲ್ಲವೇ ಎಂದೆ.

ಓಬಳಪ್ಪ ಲೋಟ ಕೆಳಗಿಟ್ಟರು.

"ಅಳಿಸ್ತಾವ್ರಿ, ಸಾಲು ನೋಡಿ ಮತ್ತ ಬರೀತೀನಿ. ಒಂದ್ ವರ್ಷ ತೊಳದ್ಮ್ಯಾಲ ಎಲ್ಡು ಪೆಟಿಗಿ, ಮ್ಯಾಲಿಂದೊಂದು ಆಳದ್ದೊಂದು, ಕೈಜಾರಿ ಬಿದ್ದುವ್ರಿ ಮೇಡಂ. ಕಲ್ಲೆಲ್ಲಾ ಕಲಸಿಹೋದ್ವು. ಸಾಹೇಬ್ರಿಗೆ ಹೇಳಿದ್ರ ಕೆಲ್ಸ ಹೋಗ್ತಿತ್ತು. ಅವಸ್ರದಾಗ ಅಂದಾಜಿಲೆ ಜೋಡ್ಸಿ, ನಂಬರ್ ನಾನೇ ಬರ್ದೆ."

ಯಾವ ಪೆಟ್ಟಿಗೆ ಎಂದು ಕೇಳದೆ ಎದ್ದು ಬರಬಹುದಿತ್ತು. ಕೇಳಿದೆ. ಅವರು ನನ್ನ ಮುಂದಿದ್ದ ಪೆಟ್ಟಿಗೆಯತ್ತ ನೋಡಿದರು. ಸಿಟ್ಟು ಬಂತು. ಅವರ ಮೇಲೆ, ಆಯುಧಪೂಜೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆರು ವರ್ಷದಲ್ಲಿ ಒಂದು ಸಲವೂ ಇಲ್ಲಿಗೆ ಬಂದು ನೋಡದ ನನ್ನ ಮೇಲೆ. ಸಾವಿರಾರು ಕಿಲೋಮೀಟರ್ ದೂರದ ಪ್ರಯೋಗಾಲಯವನ್ನು ನಂಬಿದ್ದೆ, ಒಂದೂವರೆ ತಾಸಿನ ದಾರಿ ಉದ್ದವಾಗಿತ್ತು.

ಈಗಲಾದರೂ ಇದು ಎಲ್ಲಿಯ ಕಲ್ಲೆಂದು ಹೇಳಲು ಬರುತ್ತದೆಯೇ ಎಂದೆ. ಬರುತ್ತದಂತೆ. ಮೇಲಿನ ಕಲ್ಲಿಗೆ ಮಳೆನೀರು ಇಳಿದು ಒಳಗೊಳಗೇ ಮಣ್ಣಾಗಿರುತ್ತದೆ, ನಾಲಿಗೆಗೆ ಹಚ್ಚಿದರೆ ಅಂಟುತ್ತದೆ. ಆಳದ ಕಲ್ಲು ಜಾರುತ್ತದೆ. ಹಳೆಯ ಡ್ರಿಲ್ಲಿನವರೆಲ್ಲ ಹಾಗೇ ನೋಡುತ್ತಿದ್ದರಂತೆ. ಅಷ್ಟು ಹೇಳಿ ಅವರು ದನಿ ತಗ್ಗಿಸಿದರು.

"ಬ್ಯಾಡ ಬಿಡ್ರಿ ಮೇಡಂ. ಫೋಟೋ ಆತಲ್ಲ. ನಾ ಹೇಳಿಲ್ಲ, ನೀವು ಕೇಳಿಲ್ಲ ಅನ್ಕೊಳ್ರಿ."

ಅದೂ ನಿಜವೇ. ಜಪಾನಿನಲ್ಲಿ ಯಾರೂ ಕಲ್ಲು ನೆಕ್ಕುವುದಿಲ್ಲ. ಸೋಮವಾರ ಪ್ರಬಂಧ ಹೋದರೆ ನಾನು ಒಂದು ವಾರ ಮಲಗಬಹುದು. ನನಗೆ ಆ ನಿದ್ದೆ ಎಷ್ಟು ಬೇಕಾಗಿತ್ತೆಂದರೆ, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೂ ಹೋದೆ.

ತಿರುಗಿ ಬಂದೆ. ತುಂಡನ್ನು ಸೆರಗಿನಿಂದ ಒರೆಸಿ, ಕಣ್ಣು ಮುಚ್ಚಿ ನಾಲಿಗೆಗೆ ಇಟ್ಟೆ. ಮಣ್ಣಿನ ರುಚಿ. ಜಾರಲೆಂದು ಬೇಡಿಕೊಂಡೆ.

ಅಂಟಿತು. ಎಳೆದರೂ ಬಿಡಲೊಲ್ಲದು.

ಬಿಡಿಸಿಕೊಂಡು, ಪೆಟ್ಟಿಗೆಯ ಪಕ್ಕ ನೆಲದ ಮೇಲೇ ಕೂತು, ಇದು ಮೇಲಿನ ಕಲ್ಲೇ, ಸೋಮವಾರ ಪ್ರಬಂಧ ಕಳಿಸಬೇಡಿ ಎಂದು ಜಪಾನಿಗೆ ಬರೆದೆ. ಅದರಲ್ಲಿ ತಮ್ಮ ಹೆಸರನ್ನೂ ಬರೆದೆನೇ ಎಂದು ಓಬಳಪ್ಪ ಕೇಳಿದರು. ಇಲ್ಲ, ತಪ್ಪು ನನ್ನದೆಂದು ಬರೆದೆ ಎಂದೆ. ಅವರು ಒದ್ದೆ ಬಟ್ಟೆ ತಂದು ಅಂಕಿ ಅಳಿಸಲು ಬಗ್ಗಿದರು. ನಾನು ಬಟ್ಟೆ ಇಸಿದುಕೊಂಡು, ಆರುನೂರನ್ನು ನನ್ನ ಕೈಯಿಂದಲೇ ಒರೆಸಿದೆ.