ವೆಸ್ಲಿಂಗ್‌ನ ನೂರನೆಯವಳು

ವೆಸ್ಲಿಂಗ್ ಊರನ್ನು ನದಿ ಮೂರು ಕಡೆಯಿಂದ ಸುತ್ತಿಕೊಂಡಿದೆ. ನಾಲ್ಕನೆಯ ಕಡೆ ರೈಲು ಹಳಿ, ಅದರಾಚೆ ಹೆದ್ದಾರಿ. ಹೆದ್ದಾರಿ ಪಕ್ಕದ ಹಸಿರು ಫಲಕದಲ್ಲಿ ಊರಿನ ಹೆಸರಿನ ಕೆಳಗೆ ೧೩೧ ಎಂದು ಬರೆದಿತ್ತು. ಅದು ಹತ್ತು ವರ್ಷದ ಹಿಂದಿನ ಲೆಕ್ಕ. ಆಮೇಲೆ ನಮ್ಮಲ್ಲಿ ಬೆಳೆದದ್ದು ಸ್ಮಶಾನ ಮಾತ್ರ.

೧೯೮೦ರ ಏಪ್ರಿಲ್ ಒಂದಕ್ಕೆ ಮತ್ತೆ ಜನಗಣತಿ ಇತ್ತು. ತಲೆಗಳು ನೂರಕ್ಕಿಂತ ಕಡಿಮೆಯಾದರೆ ಊರಿಗೆ ಊರೆಂಬ ಮಾನ್ಯತೆ ಹೋಗುತ್ತದೆ, ನಕ್ಷೆಯಿಂದ ಹೆಸರು ಹೋಗುತ್ತದೆ, ಹಿಂದೆಯೇ ನನ್ನ ಅಂಚೆ ಕಚೇರಿಯೂ ಹೋಗುತ್ತದೆ. ಇಪ್ಪತ್ತೆರಡು ವರ್ಷ ನಾನು ಆ ಕಿಟಕಿಯ ಹಿಂದೆ ಕೂತವಳು. ಯಾರ ಮನೆಗೆ ಏನು ಬರುತ್ತದೆ, ಯಾರ ಮನೆಗೆ ಏನೂ ಬರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದಕ್ಕೇ ಊರಿನ ಮುಖ್ಯಸ್ಥ ವರ್ನನ್ ಟೀಸ್ಕೆ ಫೆಬ್ರವರಿಯಲ್ಲಿ ನನ್ನ ಕೈಲಿ ಊರವರ ಪಟ್ಟಿ ಬರೆಸಿದ.

"ನನ್ ಇಬ್ರು ಹುಡುಗ್ರನ್ನೂ ಹಾಕು, ಡೋರೀನ್," ಅಂದ.

"ಅವರು ಲಿಂಕನ್ ಊರಿನ ಕಾಲೇಜಲ್ಲಿದಾರಲ್ಲ?"

"ಕೊಳೆ ಬಟ್ಟೆ ಇಲ್ಲಿಗೇ ತರ್ತಾರಲ್ಲ. ಹಾಕು."

ಹಾಕಿದೆ. ಸರಿಯಾಗಿ ನೂರು ಬಂತು. ನೂರನೆಯವಳು ಆಲ್ವೀನಾ ಕ್ರೌಸ್. ಎಂಬತ್ತೊಂದು ವರ್ಷ, ಗಂಡನಿಲ್ಲ, ಮಕ್ಕಳಿಲ್ಲ, ಮನೆಯಲ್ಲಿ ಫೋನೂ ಇಲ್ಲ. ಅವಳಿಗಿದ್ದದ್ದು ಒಬ್ಬಳೇ ತಂಗಿ, ಲೀಡಿಯಾ, ನದಿಯ ಆಚೆ ದಡದಲ್ಲಿ. ಕೂಗಿದರೆ ಕೇಳಿಸುವುದಿಲ್ಲ, ಆದರೆ ಮನೆ ಕಾಣುತ್ತದೆ. ಅರವತ್ತೆರಡರ ಪ್ರವಾಹದಲ್ಲಿ ಸೇತುವೆ ಕೊಚ್ಚಿಹೋದ ಮೇಲೆ ಅಲ್ಲಿಗೆ ಹೋಗಲು ನಲವತ್ತನಾಲ್ಕು ಮೈಲಿ ಸುತ್ತಬೇಕು. ಬಸ್ಸು ನಿಂತು ಆರು ವರ್ಷವಾಗಿತ್ತು. ಹಾಗಾಗಿ ಅಕ್ಕತಂಗಿಯರು ಒಂದು ಪದ್ಧತಿ ಮಾಡಿಕೊಂಡಿದ್ದರು. ಪ್ರತಿ ಸೋಮವಾರ ಬೆಳಿಗ್ಗೆ ಇಬ್ಬರೂ ಹಗ್ಗದ ಮೇಲೆ ಒಂದೊಂದು ಬಿಳಿ ದುಪ್ಪಟಿ ಒಣಹಾಕುತ್ತಿದ್ದರು. ಬದುಕಿದ್ದೇನೆ ಎಂದು ಅರ್ಥ.

ಮಾರ್ಚ್ ಹತ್ತರ ಸೋಮವಾರ ಆಚೆ ದಡದ ಹಗ್ಗ ಬರಿದಾಗಿತ್ತು. ಮಧ್ಯಾಹ್ನ ಲೀಡಿಯಾಳ ನೆರೆಮನೆಯಾಕೆ ಅಂಚೆ ಕಚೇರಿಗೆ ಫೋನ್ ಮಾಡಿದಳು. ಶ್ವಾಸಕೋಶದಲ್ಲಿ ನೀರು, ಇನ್ನು ಎರಡು ಮೂರು ವಾರ ಅಷ್ಟೆ, ಅಕ್ಕ ಬೇಕು ಅಂತಿದಾಳೆ ಎಂದಳು. ನಾನೇ ಹೋಗಿ ಹೇಳಿದೆ. ಆಲ್ವೀನಾ ಅಳಲಿಲ್ಲ. ಚೀಲ ತುಂಬಿಕೊಂಡು, ಟೋಪಿ ಹಾಕಿಕೊಂಡು, ಮನೆ ಮುಂದಿನ ಕುರ್ಚಿಯಲ್ಲಿ ಕೂತಳು.

ಆ ಸಂಜೆ ಕೆಫೆಯಲ್ಲಿ ಊರಿನವರು ಸೇರಿದರು.

"ಹೋದ್ರೆ ಒಂದನೇ ತಾರೀಕು ಅವಳು ಅಲ್ಲೇ ಇರ್ತಾಳೆ," ಅಂದ ವರ್ನನ್. "ಅವ್ರ ಲೆಕ್ಕಕ್ಕೆ ಸೇರ್ತಾಳೆ. ನಾವು ತೊಂಬತ್ತೊಂಬತ್ತು."

"ಹಾಗಂತ ಮುದುಕಿನ ಕಟ್ಟಿಹಾಕೋಕಾಗುತ್ತಾ?" ಎಂದು ಪಾದ್ರಿ ಕೇಳಿದರು.

"ಯಾರು ಕಟ್ಟಿಹಾಕು ಅಂದ್ರು? ಯಾರ ಹತ್ರನೂ ಕಾರಿಲ್ಲ, ಅಷ್ಟೇ."

ಮರುದಿನದಿಂದ ವೆಸ್ಲಿಂಗ್‌ನ ಕಾರುಗಳೆಲ್ಲ ಕೆಟ್ಟವು. ಒಬ್ಬನ ಬ್ಯಾಟರಿ ಕೂತಿತು, ಒಬ್ಬನ ಟೈರು ಒಡೆಯಿತು, ಪಾದ್ರಿಗಳಿಗೆ ಸೊಂಟ ಹಿಡಿಯಿತು. ಕೆಟ್ಟ ಕಾರಿನವರೆಲ್ಲ ಒಲೆಯಲ್ಲಿ ಬೇಯಿಸಿದ ನೂಡಲ್ಸಿನ ಪಾತ್ರೆ ಹಿಡಿದು ಆಲ್ವೀನಾಳ ಬಾಗಿಲಿಗೆ ಬಂದರು. ಹತ್ತು ವರ್ಷದಲ್ಲಿ ಬರದಷ್ಟು ಊಟ ಆ ವಾರ ಅವಳ ಮನೆಗೆ ಬಂತು. ನಾವು ಕೆಟ್ಟ ಜನ ಅಲ್ಲ ಎಂದು ನಂಬಲು ನಮಗೆ ಅಷ್ಟು ಸಾಕಾಗಿತ್ತು.

ಹದಿನೇಳಕ್ಕೆ ಗಣತಿಯ ಸೂಚನೆಗಳ ಕಾಗದ ಬಂತು. ಸರ್ಕಾರಿ ಕಾಗದ ಬಂದ ಕೂಡಲೇ ತಾರೀಕಿನ ಮುದ್ರೆ ಒತ್ತುವುದು ನನ್ನ ಅಭ್ಯಾಸ. ಒತ್ತಿ, ಓದಲು ಕೂತೆ. ನಾಲ್ಕನೆಯ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಕೆಲವು ದಿನಗಳ ಮಟ್ಟಿಗೆ ಬೇರೆ ಊರಿಗೆ ಹೋದವರನ್ನು ಅವರ ಸ್ವಂತ ಮನೆಯ ಲೆಕ್ಕಕ್ಕೇ ಹಿಡಿಯಬೇಕು.

ಅಂದರೆ ಆಲ್ವೀನಾ ಹೋಗಿಬರಬಹುದಿತ್ತು. ನೂರು ನೂರಾಗಿಯೇ ಇರುತ್ತಿತ್ತು. ಆದರೆ ಹೋದವಳು ಬಾರದೇ ಇದ್ದರೆ? ಲೀಡಿಯಾಳ ಮನೆ ಬೆಚ್ಚಗಿದೆ, ತಂಗಿ ಸತ್ತರೆ ಅದು ಅಕ್ಕನದ್ದೇ. ನಾನು ಕಾಗದ ಮಡಚಿ ಡ್ರಾಯರಿನ ಅಡಿಗೆ ಹಾಕಿದೆ. ಐದನೆಯ ಸಾಲು ಓದಲೇ ಇಲ್ಲ.

ಮರುದಿನ ಅವಳು ಕಿಟಕಿಗೆ ಬಂದಳು. ಅದೇ ಟೋಪಿ, ಅದೇ ಚೀಲ.

"ಡೋರೀನ್, ನಿನ್ ಪಿಕಪ್ ಓಡ್ತಾ ಇದ್ಯಲ್ಲಮ್ಮ? ನಿನ್ನೆ ನೋಡ್ದೆ."

"ಕ್ಲಚ್ ಹೋಗಿದೆ, ಆಲ್ವೀನಾ. ಊರೊಳಗೆ ಹೇಗೋ ಓಡುತ್ತೆ. ಅಷ್ಟು ದೂರ ಆಗಲ್ಲ."

"ಪೆಟ್ರೋಲ್ ನಾನು ಹಾಕಿಸ್ತೀನಿ."

"ಪೆಟ್ರೋಲ್‌ದಲ್ಲ, ಕ್ಲಚ್‌ದು."

"ಅವಳಿಗೆ ರಾತ್ರಿ ಕೈ ಹಿಡ್ಕೊಂಡ್ರೇನೇ ನಿದ್ದೆ. ಚಿಕ್ಕೋಳಿದ್ದಾಗಿಂದ," ಅಂದಳು. ಚೀಲ ಎತ್ತಿಕೊಂಡಳು. "ಸರಿ. ರಿಪೇರಿ ಆದ್ರೆ ಹೇಳು."

ಇಪ್ಪತ್ತೊಂಬತ್ತರ ಶನಿವಾರ ಬಾಗಿಲು ಮುಚ್ಚುವ ಹೊತ್ತಿಗೆ ಫೋನ್ ಬಂತು. ಲೀಡಿಯಾ ಬೆಳಗಿನ ಜಾವ ತೀರಿಕೊಂಡಿದ್ದಳು. ಮಂಗಳವಾರ ಮಣ್ಣು. ನಾನು ನೇರ ವರ್ನನ್‌ನ ಗೋದಾಮಿಗೆ ಹೋದೆ. ಅವನು ಜೋಳದ ತೇವ ನೋಡುತ್ತಿದ್ದ.

"ಮಂಗಳವಾರ ಅಂದ್ರೆ ಒಂದನೇ ತಾರೀಕು," ಅಂದ. ಕೈ ಒರೆಸಿಕೊಂಡ. "ಬುಧವಾರ ಹೇಳು. ಸತ್ತೋಳಿಗೆ ನಾಲ್ಕು ದಿನದಲ್ಲಿ ಏನಾಗುತ್ತೆ?"

ಏನೂ ಆಗಲ್ಲ ಎಂದು ಅಂದುಕೊಂಡೆ. ನನಗೂ ಅದೇ ಬೇಕಾಗಿತ್ತು.

ಸೋಮವಾರ ಅಂಚೆಯ ಬಾಗಿಲು ತೆರೆಯುವ ಮೊದಲೇ ಆಲ್ವೀನಾ ಮೆಟ್ಟಿಲ ಮೇಲಿದ್ದಳು. ಟೋಪಿ ಇರಲಿಲ್ಲ, ಚೀಲ ಇರಲಿಲ್ಲ. ಓಡಿಬಂದಿದ್ದಳೋ ಏನೋ, ಮುಖ ಕೆಂಪಾಗಿತ್ತು.

"ದುಪ್ಪಟಿ ಹಾಕಿದಾಳೆ, ಡೋರೀನ್. ಮೂರು ವಾರ ಆದ್ಮೇಲೆ. ಒಂದಲ್ಲ, ಎರಡು ಹಾಕಿದಾಳೆ ಕಳ್ಳಿ." ನಗುತ್ತಿದ್ದಳು. "ಎದ್ದು ಓಡಾಡ್ತಿದಾಳೆ ಅಂತಾಯ್ತು. ನಿಮಗೆಲ್ಲ ಸುಮ್ನೆ ತೊಂದ್ರೆ ಕೊಟ್ಟೆ. ಚೀಲ ಬಿಚ್ಚಿಬಿಟ್ಟೆ ನಾನು."

ನೆರೆಮನೆಯಾಕೆ ಸತ್ತವಳ ಹಾಸಿಗೆಯ ಬಟ್ಟೆ ಒಗೆದು ಹಾಕಿದ್ದಳು. ನನಗೆ ಕೂಡಲೇ ತಿಳಿಯಿತು. ಬೀಗ ತೆಗೆದು ಬಾಗಿಲು ತೆರೆದೆ.

"ಒಳ್ಳೇದಾಯ್ತು, ಆಲ್ವೀನಾ," ಅಂದೆ.

ಆ ದಿನವೆಲ್ಲ ಅವಳು ಮನೆ ಮನೆಗೆ ಹೋಗಿ ಊಟದ ಖಾಲಿ ಪಾತ್ರೆಗಳನ್ನು ವಾಪಸು ಕೊಟ್ಟು, ತಂಗಿ ಗುಣವಾದಳು ಎಂದು ಹೇಳಿಬಂದಳು. ಲೀಡಿಯಾ ಸತ್ತದ್ದು ಅಷ್ಟರಲ್ಲಿ ವರ್ನನ್‌ನಿಂದ ಎಲ್ಲರಿಗೂ ಗೊತ್ತಾಗಿತ್ತು. ಎಲ್ಲರೂ ಒಳ್ಳೆಯದಾಯಿತು ಅಂದರು.

ಬುಧವಾರ ಹೇಳಿದೆ. ಫೋನ್ ತಡವಾಗಿ ಬಂತು ಅಂದೆ. ಅವಳು ಒಂದೇ ಮಾತು ಕೇಳಿದಳು: "ಹಾಗಾದ್ರೆ ದುಪ್ಪಟಿ?" ನಾನು ಅದನ್ನೂ ಹೇಳಿದೆ. ವರ್ನನ್‌ನ ಕಾರು ಅಂದು ಕೀಲಿ ತಿರುಗಿಸಿದ ಕೂಡಲೇ ಚಾಲೂ ಆಯಿತು. ಅವನೇ ಅವಳನ್ನು ತಂಗಿಯ ಗೋರಿಯ ಹಸಿ ಮಣ್ಣಿನ ಹತ್ತಿರ ಕರೆದುಕೊಂಡು ಹೋಗಿ, ಕತ್ತಲಾಗುವ ಮೊದಲು ಕರೆತಂದ.

ಡಿಸೆಂಬರಿನಲ್ಲಿ ಲೆಕ್ಕ ಬಂತು. ತೊಂಬತ್ತೆಂಟು.

ಕೆಫೆಯಲ್ಲಿ ವರ್ನನ್ ಕಿಡಿಕಿಡಿಯಾದ. ಇಬ್ಬರು ಎಲ್ಲಿ ಹೋದರು, ಗಣತಿಯವರು ಕುರುಡರಾ, ಆ ಸೂಚನೆಯ ಕಾಗದ ತಾ ಎಂದು ನನ್ನನ್ನು ಓಡಿಸಿದ. ತಂದುಕೊಟ್ಟೆ. ತಪ್ಪಿಸಿಕೊಳ್ಳುವ ದಾರಿ ನನಗೆ ಹೊಳೆಯಲಿಲ್ಲ. ಅವನು ಎಲ್ಲರೆದುರು ಗಟ್ಟಿಯಾಗಿ ಓದತೊಡಗಿದ. ನಾಲ್ಕನೆಯ ಸಾಲು ಓದಿದ. ಅದೇ ಭರದಲ್ಲಿ ಐದನೆಯದನ್ನೂ ಓದಿದ: ಕಾಲೇಜಿನ ಊರಿನಲ್ಲಿ ವಾಸವಿರುವ ವಿದ್ಯಾರ್ಥಿಗಳನ್ನು ಆ ಊರಿನ ಲೆಕ್ಕಕ್ಕೇ ಹಿಡಿಯಬೇಕು.

ಅವನ ಇಬ್ಬರು ಹುಡುಗರು. ಆಲ್ವೀನಾ ಇದ್ದರೂ ಹೋದರೂ ನಾವು ತೊಂಬತ್ತೆಂಟೇ ಆಗುತ್ತಿದ್ದೆವು.

ಕಿಟಕಿಯ ಪಕ್ಕದ ಮೇಜಿನಿಂದ ಆಲ್ವೀನಾ ಎದ್ದು ಬಂದು ಕೈ ಚಾಚಿದಳು. ವರ್ನನ್ ಕಾಗದ ಕೊಟ್ಟ. ಅವಳು ಸಾಲುಗಳನ್ನು ಓದಲಿಲ್ಲ. ಕನ್ನಡಕ ಸರಿಮಾಡಿಕೊಂಡು ಮೇಲಿನ ಮೂಲೆಯಲ್ಲಿದ್ದ ಮುದ್ರೆಯನ್ನು ನೋಡಿದಳು.

"ಮಾರ್ಚ್ ಹದಿನೇಳು," ಅಂದಳು. "ನಾನು ನಿನ್ನ ಹತ್ರ ಬಂದಿದ್ದು ಹದಿನೆಂಟಕ್ಕೆ."

ಅವಳು ಮುದ್ರೆಯ ಮೇಲೆ ಬೆರಳಾಡಿಸಿದಳು.

"ಚೆನ್ನಾಗಿ ಒತ್ತಿದೀಯ, ಡೋರೀನ್. ಒಂದಕ್ಷರನೂ ಅಳಿಸಿಲ್ಲ."

ಕಾಗದವನ್ನು ನನ್ನ ಕಾಫಿಯ ಪಕ್ಕ ಇಟ್ಟು, ಕೋಟು ಹಾಕಿಕೊಂಡು ಹೊರಟುಹೋದಳು.